ಕೇಳಿದ್ದು: ನವರಂಗ, ಒಂದು

ಮೂಡುಬಿದಿರೆ,
ಹುಡುಗಿಯರ ಹಾಸ್ಟೆಲ್, ಎರಡನೇ ಮಾಳಿಗೆ
29 ಜನವರಿ 2026, ಗುರುವಾರ

ಪ್ರೀತಿಯ ರಂಜಿತ್ ಮಾವನಿಗೆ ಪ್ರಾಪ್ತಿಯ ನಮಸ್ಕಾರಗಳು.

ನಿಮ್ಮ ಸೊಂಟನೋವು ಈಗ ಹೇಗಿದೆ? ಗಲ್ಫ್ ಆದರೂ ಸೋಹಾರಿನಲ್ಲಿ ಬೆಳಿಗ್ಗೆ ಚಳಿ ಉಂಟು ಅಂತ ಹೋದ ವಾರ ಹೇಳಿದ್ದಿರಿ. ಕಡಲ ಬದಿಗೆ ಹಕ್ಕಿ ನೋಡಲು ಹೋಗುವಾಗ ಸ್ವೆಟರ್ ಹಾಕಿಕೊಳ್ಳಿ. ಅಜ್ಜಿ ಪ್ರತಿ ಸಲವೂ ಹೇಳಲು ಹೇಳುತ್ತಾರೆ, ನಾನು ಪ್ರತಿ ಸಲವೂ ಮರೆಯುತ್ತೇನೆ. ನಾನು ಚೆನ್ನಾಗಿದ್ದೇನೆ. ಸೆಮಿಸ್ಟರ್ ರಿಸಲ್ಟ್ ಬಂತು, ಕೆಮಿಸ್ಟ್ರಿಯಲ್ಲಿ ಹೇಗೋ ದಾಟಿದೆ. ಪುಣೆಯಿಂದ ಅಮ್ಮ ಫೋನ್ ಮಾಡಿದ್ದರು, ಹೋಟೆಲಿಗೆ ಹೊಸ ಅಡುಗೆಯವರು ಸಿಕ್ಕಿಲ್ಲವಂತೆ, ಅಪ್ಪನೇ ದೋಸೆಕಲ್ಲಿನ ಮುಂದೆ ನಿಂತಿದ್ದಾರಂತೆ. ದಿನಾ ವಾಟ್ಸಾಪಿನಲ್ಲಿ ಮಾತಾಡುವ ಹುಡುಗಿ ಕಾಗದ ಯಾಕೆ ಬರೆದಳು ಅಂತ ನಿಮಗೆ ಆಶ್ಚರ್ಯ ಆಗಿರಬಹುದು. ಫೋನಿನಲ್ಲಿ ಹೇಳಲು ಮೂರು ಸಲ ಶುರು ಮಾಡಿದೆ ಮಾವ. ಮೂರು ಸಲವೂ ನೀವು ಖುಷಿಯಲ್ಲಿ ಇದ್ದಿರಿ. ಐದನೇ ಕ್ಲಾಸಿನಿಂದ ಹಾಸ್ಟೆಲಿನಲ್ಲಿ ಬೆಳೆದವಳು ನಾನು, ವಾರ್ಡನ್‌ಗೆ ಕೊಡುವ ಅರ್ಜಿ ಬಿಟ್ಟರೆ ಕನ್ನಡದಲ್ಲಿ ಏನೂ ಬರೆದವಳಲ್ಲ. ತಪ್ಪಿದ್ದರೆ ಸುಧಾರಿಸಿಕೊಳ್ಳಿ. ಅಕ್ಷರದ ತಪ್ಪನ್ನು ಮಾತ್ರ ಹೇಳಿದ್ದು.

ಎಲ್ಲಿಂದ ಶುರು ಮಾಡುವುದು? ಆಗಸ್ಟಿನಿಂದಲೇ ಹೇಳುತ್ತೇನೆ, ಇಲ್ಲದಿದ್ದರೆ ನಾನು ಯಾಕೆ ಹಾಗೆ ಮಾಡಿದೆ ಅಂತ ಗೊತ್ತಾಗುವುದಿಲ್ಲ. ನಮ್ಮ ಕಾಲೇಜಿನ ನೇಚರ್ ಕ್ಲಬ್‌ನಲ್ಲಿ ಹಿತ್ತಿಲ ಎಣಿಕೆ ಅಂತ ಉಂಟಲ್ಲ, ಒಂದೊಂದು ಋತುವಿಗೆ ಒಬ್ಬೊಬ್ಬರ ಮನೆಯ ಹಿತ್ತಿಲಿಗೆ ಹೋಗಿ ಹಕ್ಕಿ ಎಣಿಸುವುದು. ಮಳೆಗಾಲದ್ದು ಸೀನಿಯರ್ ಶ್ರವಣಣ್ಣನ ಮನೆಯಲ್ಲಿ, ಅಳದಂಗಡಿಯಲ್ಲಿ. ನೀವು ಕೊಟ್ಟ ಬೈನಾಕ್ಯುಲರ್ ಕುತ್ತಿಗೆಗೆ ಹಾಕಿಕೊಂಡು ದೊಡ್ಡ ಜನದ ಹಾಗೆ ಹೋಗಿದ್ದೆ. ಪೇರಳೆ ಮರದಲ್ಲಿ ಮೈಯೆಲ್ಲ ಚುಕ್ಕೆ ಇರುವ ಹಕ್ಕಿ ಕಂಡಿತು. ಗಿಡುಗ, ಗಿಡುಗ ಅಂತ ಕೂಗಿಬಿಟ್ಟೆ. ಶ್ರವಣಣ್ಣನ ತಾಯಿ ಅಡುಗೆಮನೆಯ ಕಿಟಕಿಯಿಂದ ನೋಡಿ, “ಅದು ಕೋಗಿಲೆಯ ಹೆಂಡತಿ ಅಲ್ವಾ ಮಗಾ, ದಿನಾ ಬರ್ತದೆ” ಅಂದರು. ಎಲ್ಲರೂ ನಕ್ಕರು. ಕೆಟ್ಟ ನಗು ಅಲ್ಲ, ಆದರೆ ಬೆಳ್ತಂಗಡಿಯಿಂದ ಬಸ್ ಹತ್ತಿದ ಮೇಲೂ ಯಾರೋ ಹಿಂದಿನ ಸೀಟಿನಿಂದ “ಗಿಡುಗ, ಟಿಕೆಟ್ ತೆಗೊಂಡಿಯಾ?” ಅಂತ ಕೇಳುತ್ತಿದ್ದರು. ನನಗೆ ತಡೆಯಲಿಲ್ಲ. ತಿರುಗಿ ಹೇಳಿದೆ: ನರಿಕೊಂಬಿನಲ್ಲಿ ನಮ್ಮ ಅಜ್ಜಿಮನೆಯ ಹಿತ್ತಿಲಿಗೆ ಚಳಿಗಾಲದಲ್ಲಿ ನವರಂಗ ಹಕ್ಕಿ ಬರುತ್ತದೆ, ಬನ್ನಿ ತೋರಿಸುತ್ತೇನೆ. ಬರುತ್ತಿತ್ತು ಅನ್ನಬೇಕಿತ್ತು. ನೀವು ಅದನ್ನು ಕೊನೆಗೆ ನೋಡಿದ್ದು ನಾನು ಏಳನೇ ಕ್ಲಾಸಿನಲ್ಲಿ ಇದ್ದಾಗ.

ನವೆಂಬರಿನ ಎಣಿಕೆಗೆ ನಾಲ್ಕು ಜನ ನರಿಕೊಂಬಿಗೆ ಬಂದರು, ಹಿಂದಿನ ಸಂಜೆಯೇ. ಅಜ್ಜಿ ಎಲ್ಲರಿಗೂ ನೀರುದೋಸೆ ಮಾಡಿ ಹಾಕಿ, ಯಾರ ಮನೆ ಎಲ್ಲಿ ಅಂತ ಕೇಳಿ ಮುಗಿಸುವಷ್ಟರಲ್ಲಿ ಇಬ್ಬರು ಸಂಬಂಧಿಕರೇ ಆಗಿಬಿಟ್ಟಿದ್ದರು. ಬೆಳಿಗ್ಗೆ ಆರೂಕಾಲಕ್ಕೆ ನದಿ ಕಡೆ ಇನ್ನೂ ಮಂಜು. ಶ್ರವಣಣ್ಣ ದನದ ಹಟ್ಟಿಯ ಆಚೆ ಹೋದರು, ಉಳಿದವರು ನದಿ ಬದಿಗೆ, ನಾನೊಬ್ಬಳೇ ಬಚ್ಚಲಿನ ಹಿಂದೆ ಹಲಸಿನ ಮರದ ಕೆಳಗೆ. ಮಡಿವಾಳ ಹಕ್ಕಿ ಬಂತು, ಪಿಕಳಾರ ಬಂತು, ಸೂರಕ್ಕಿ ಎರಡು. ನವರಂಗ ಇಲ್ಲ. ನನ್ನ ಫೋನಿನಲ್ಲಿ ಹಕ್ಕಿಗಳ ಕೂಗಿನ ಆ್ಯಪ್ ಉಂಟು. ಕೂಗು ಹಾಕಿ ಹಕ್ಕಿಯನ್ನು ಕರೆಯಬಾರದು ಎನ್ನುವುದು ಕ್ಲಬ್ಬಿನ ಮೊದಲ ನಿಯಮ. ಅದಕ್ಕಿಂತ ಮೊದಲು ನಿಮ್ಮ ನಿಯಮ. “ಹಕ್ಕಿಯನ್ನು ಕರೀಬಾರದು ಪ್ರಾಪ್ತಿ, ಅದು ಬರುವಾಗ ನಾವಲ್ಲಿರಬೇಕು” ಅಂತ ಅದೇ ಮರದ ಕೆಳಗೆ ನನ್ನನ್ನು ಕುಳ್ಳಿರಿಸಿ ಹೇಳಿದವರು ನೀವು. ಆದರೂ ಒತ್ತಿದೆ. ಆ ಎರಡು ಸ್ವರದ ಸಿಳ್ಳೆ, ಎರಡು ಸಲ. ಎಲ್ಲಾದರೂ ಒಂದು ಹಕ್ಕಿ ಉತ್ತರ ಕೊಡಲಿ ಅಂತ ಮಾತ್ರ ಇತ್ತು ಮಾವ, ದೇವರಾಣೆ.

ಉತ್ತರ ಕೊಟ್ಟದ್ದು ಹಟ್ಟಿಯ ಆಚೆಯಿಂದ ಶ್ರವಣಣ್ಣ. “ನವರಂಗ! ಕೇಳಿತಾ ಮಾರಾಯ್ತಿ? ನವರಂಗ!” ಅಂತ ಓಡಿಕೊಂಡು ಬಂದರು, ದಾರಿಯಲ್ಲಿ ಗೊಬ್ಬರದ ಗುಂಡಿಗೆ ಒಂದು ಕಾಲು ಇಳಿದು, ಚಪ್ಪಲಿ ಅಲ್ಲೇ ಉಳಿಯಿತು. ನಾನು ಫೋನನ್ನು ಜೇಬಿಗೆ ಹಾಕಿಕೊಂಡಿದ್ದೆ. ಅದು ನಾನು, ನನ್ನ ಫೋನು ಅಂದಿದ್ದರೆ ಅರ್ಧ ಗಂಟೆಯ ಬೈಗುಳದಲ್ಲಿ ಮುಗಿಯುತ್ತಿತ್ತು. “ಯಾವ ಕಡೆಯಿಂದ?” ಅಂತ ಅವರು ಪಿಸುಗುಟ್ಟಿದಾಗ ನನ್ನ ಕೈ ತಾನಾಗಿ ಹಲಸಿನ ಮರವನ್ನು ತೋರಿಸಿತು. ತಾನಾಗಿ ಅಲ್ಲ, ನಾನೇ ತೋರಿಸಿದೆ. ಅವರು ಒಂದೇ ಚಪ್ಪಲಿಯಲ್ಲಿ ನಿಂತು ಪಟ್ಟಿಯಲ್ಲಿ ಬರೆದರು: ಕೇಳಿದ್ದು, ನವರಂಗ, ಒಂದು. ಗಿಡುಗ ಅನ್ನುವ ಹೆಸರು ಆ ದಿನವೇ ಹೋಯಿತು. ಡಿಸೆಂಬರಿನಲ್ಲಿ ಸಸಿಹಿತ್ಲಿನ ಅಳಿವೆಗೆ ಕಡಲ ಹಕ್ಕಿ ನೋಡಲು ಹೋದಾಗ, ಮಂಗಳೂರಿನಿಂದ ಬಂದವರಿಗೆ ಶ್ರವಣಣ್ಣ ನನ್ನನ್ನು “ನವರಂಗದ ಮನೆಯವಳು” ಅಂತಲೇ ಪರಿಚಯ ಮಾಡಿಸಿದರು. ಸಾವಿರಗಟ್ಟಲೆ ಹಕ್ಕಿಗಳು ಮರಳ ಮೇಲೆ ಗಾಳಿಗೆ ಮುಖ ಮಾಡಿ ಕುಳಿತಿದ್ದವು. ನಾನು ಬೈನಾಕ್ಯುಲರ್ ಕಣ್ಣಿನಿಂದ ತೆಗೆಯಲೇ ಇಲ್ಲ, ಯಾರ ಮುಖವನ್ನೂ ನೋಡುವುದು ಬೇಡ ಅಂತ.

ಅಷ್ಟರಲ್ಲಿ ಸುದ್ದಿ ನಿಮಗೂ ಮುಟ್ಟಿತ್ತು. ನಾನು ಹೇಳಲಿಲ್ಲ, ಅಜ್ಜಿ ಹೇಳಿದ್ದು. ನಿಮ್ಮ ವಾಯ್ಸ್ ಮೆಸೇಜ್ ಈಗಲೂ ಫೋನಿನಲ್ಲಿ ಉಂಟು, ಪೂರ್ತಿ ಕೇಳಿದ್ದು ಒಂದೇ ಸಲ. “ಆರು ವರ್ಷ ಆಯ್ತಲ್ಲ ಪ್ರಾಪ್ತಿ, ಆರು ವರ್ಷ! ಏಪ್ರಿಲಿಗೆ ಅದು ಹೋಗ್ತದೆ. ನಾನು ಮಾರ್ಚಿಗೇ ಬರ್ತೇನೆ.” ಎರಡು ವರ್ಷಕ್ಕೊಮ್ಮೆ ಸಿಗುವ ರಜೆ, ಅದೂ ಮೇ ತಿಂಗಳದ್ದು. ಅದನ್ನು ಬದಲಿಸಲು ನಿಮ್ಮ ರೂಮಿನ ಬಾಸಿತಣ್ಣ ತನ್ನ ಮಾರ್ಚ್ ರಜೆ ಬಿಟ್ಟುಕೊಟ್ಟರು ಅಂತಲೂ ಅದರಲ್ಲೇ ಹೇಳಿದ್ದಿರಿ. ಊರಿನಲ್ಲಿರುವ ನಿನ್ನ ಮಗುವನ್ನು ನೋಡುವುದಿಲ್ಲವಾ ಅಂತ ನೀವು ಕೇಳಿದ್ದಕ್ಕೆ, “ಮೇಗೆ ಹೋದರೂ ಮಗು ಅಲ್ಲೇ ಉಂಟಲ್ಲ, ಹಾರಿ ಹೋಗ್ತದಾ?” ಅಂದರಂತೆ. ನೀವು ನಗುತ್ತಿದ್ದಿರಿ. ನಾನೂ ನಗುವ ಸ್ಟಿಕ್ಕರ್ ಕಳಿಸಿದೆ.

ಸಂಕ್ರಾಂತಿ ರಜೆಯಲ್ಲಿ ಊರಿಗೆ ಹೋದಾಗ ಹಿತ್ತಿಲಿನ ಗುರುತೇ ಸಿಗಲಿಲ್ಲ. ತರಗೆಲೆ ಗುಡಿಸಬೇಡಿ, ನವರಂಗ ಎಲೆ ಮಗುಚಿ ಹುಳ ಹುಡುಕುವ ಹಕ್ಕಿ ಅಂತ ನೀವು ವರ್ಷಗಟ್ಟಲೆ ಹೇಳಿದರೂ ಅಜ್ಜಿ ಕೇಳಿದವರಲ್ಲ, ಹಿಡಿಸೂಡಿ ಹಿಡಿದರೆ ನೆಲ ಕನ್ನಡಿ ಆಗಬೇಕು. ಈಗ ಹಲಸಿನ ಮರದ ಕೆಳಗೆ ಮೊಣಕಾಲು ಮುಳುಗುವಷ್ಟು ಎಲೆ. ಹಾಲು ತರುವವರಿಗೆ “ಸೈಕಲಿನ ಬೆಲ್ ಹೊಡೀಬೇಡ, ರಂಜಿತನ ಹಕ್ಕಿ ಉಂಟು” ಅಂತ ಜೋರು ಮಾಡುತ್ತಾರೆ. ನನಗೆ ತಡೆಯದೆ ಅಜ್ಜಿಗೆ ಎಲ್ಲ ಹೇಳಿದೆ. ಬೈಯಲಿಲ್ಲ. ತೆಂಗಿನಕಾಯಿ ತುರಿಯುತ್ತಲೇ ಹೇಳಿದರು: “ಹಕ್ಕಿ ಸುಳ್ಳಾದರೂ ಅವನು ಬರುವುದು ನಿಜ ಅಲ್ವಾ? ಬಂದು ಹೋಗಲಿ. ಮತ್ತೆ ಹೇಳುವ.” ಆ ಮಾತಿಗೆ ನನಗೆ ಎಷ್ಟು ಹಾಯೆನಿಸಿತು ಗೊತ್ತುಂಟಾ? ಯಾಕೆಂದರೆ ನನಗೂ ನೀವು ಬರುವುದು ಬೇಕಿತ್ತು. ಹೆದರಿಕೆಯಿಂದ ಬಾಯಿ ಮುಚ್ಚಿಕೊಂಡೆ ಅಂತ ಇಷ್ಟು ದಿನ ನನಗೆ ನಾನೇ ಹೇಳಿಕೊಂಡದ್ದು ಪೂರ್ತಿ ಸರಿಯಲ್ಲ. ಮಾರ್ಚ್ ಅಂದರೆ ಮೇಗಿಂತ ಎರಡು ತಿಂಗಳು ಬೇಗ. ಕ್ಯಾಲೆಂಡರಿನಲ್ಲಿ ಗುರುತು ಕೂಡ ಹಾಕಿದ್ದೆ.

ಮೊನ್ನೆ ಭಾನುವಾರ ಅಜ್ಜಿ ಕೊಟ್ಟ ಹಪ್ಪಳದ ಕಟ್ಟು ತೆಗೆದುಕೊಂಡು ಫರಂಗಿಪೇಟೆಗೆ ಹೋದೆ, ನಿಮಗೆ ಕಳಿಸಲಿಕ್ಕೆ. ಬಾಸಿತಣ್ಣನ ಹೆಂಡತಿಯ ತಮ್ಮ ಹಾರಿಸಣ್ಣ ಈ ಬರುವ ಸೋಮವಾರ ಸೋಹಾರಿಗೆ ವಾಪಸು ಹೊರಡುತ್ತಾರೆ ಅಂತ ನಿಮಗೂ ಗೊತ್ತು. ಹೈವೇ ಬದಿಯ ಜ್ಯೂಸ್ ಅಂಗಡಿಯಲ್ಲಿ ಕಟ್ಟು ತೆಗೆದುಕೊಂಡು, ತೂಕ ನೋಡಿ, “ನಿಮ್ಮ ಮಾವನ ಹಕ್ಕಿಗೆ ನಮ್ಮ ಭಾವನ ಪೆರ್ನಾಲ್ ಹೋಯ್ತಲ್ಲ ತಂಗಿ” ಅಂತ ನಕ್ಕರು. ಈ ವರ್ಷ ಪೆರ್ನಾಲ್, ರಂಜಾನ್ ಹಬ್ಬ, ಮಾರ್ಚಿನಲ್ಲಿ ಅಂತ ನನಗೆ ಹೊಳೆದೇ ಇರಲಿಲ್ಲ. ಮಗುವಿಗೆ ಹತ್ತು ತಿಂಗಳು, ಬಾಸಿತಣ್ಣ ಇನ್ನೂ ಎತ್ತಿಕೊಂಡಿಲ್ಲ. ಹಬ್ಬಕ್ಕೆ ಅಪ್ಪ ಬರುತ್ತಾರೆ ಅಂತ ಹಾರಿಸಣ್ಣನ ಅಕ್ಕ ಮಗುವಿಗೂ ತನಗೂ ಒಂದೇ ಬಣ್ಣದ ಬಟ್ಟೆ ಹೊಲಿಸಲು ಕೊಟ್ಟಾಗಿತ್ತಂತೆ. “ಭಾವ ನಿಮ್ಮ ಮಾವನಿಗೆ ಇದೆಲ್ಲ ಹೇಳುವ ಜನ ಅಲ್ಲ. ಕೊರೊನಾ ಟೈಮಲ್ಲಿ ತನ್ನನ್ನು ನೋಡಿಕೊಂಡದ್ದು ನಿಮ್ಮ ಮಾವನೇ ಅಂತ ಹೇಳ್ತಾ ಇರ್ತಾರೆ. ಇರಲಿ, ನೀವು ಆ ಹಕ್ಕಿಗೆ ಹೇಳಿ, ಮಾವ ಬರುವವರೆಗೆ ಜಾಗ ಬಿಡಬೇಡ ಅಂತ.” ಅಷ್ಟು ಹೇಳಿ ನನಗೊಂದು ಗ್ಲಾಸ್ ಕಲ್ಲಂಗಡಿ ಜ್ಯೂಸ್ ತರಿಸಿದರು. ನಾನು ಅದನ್ನು ಪೂರ್ತಿ ಕುಡಿದೆ ಮಾವ.

ಹಕ್ಕಿ ಇಲ್ಲ. ಕೂಗಿದ್ದು ನನ್ನ ಫೋನು. ನಿನ್ನೆ ಲೈಬ್ರರಿಯ ಮೆಟ್ಟಿಲಿನಲ್ಲಿ ಶ್ರವಣಣ್ಣನಿಗೂ ಹೇಳಿದೆ. ಪಟ್ಟಿ ತೆರೆದು ನನ್ನ ಎದುರಿಗೇ ಆ ಸಾಲನ್ನು ಅಳಿಸಿದರು. “ನಾನು ಕೇಳಿದೆ ಅಂತ ಎಷ್ಟು ಜನಕ್ಕೆ ಹೇಳಿದ್ದೇನೆ ಗೊತ್ತುಂಟಾ?” ಅಂದರು, ಅಷ್ಟೇ. ಗಿಡುಗ ಅಂತ ಕರೆದಿದ್ದರೆ ಚೆನ್ನಾಗಿತ್ತು. ನೀವು ಏನು ಹೇಳುತ್ತೀರಿ ಅಂತ ಊಹಿಸಲು ಹೋಗಿಲ್ಲ. ಬೈನಾಕ್ಯುಲರ್ ಅಜ್ಜಿಯ ಕಪಾಟಿನಲ್ಲಿ ಇಟ್ಟು ಬಂದಿದ್ದೇನೆ. ಸೊಂಟದ ಬಗ್ಗೆ ಜಾಗ್ರತೆ, ಹಪ್ಪಳ ಹಂಚಿಕೊಂಡು ತಿನ್ನಿ. ಅಜ್ಜಿಯ ಆಶೀರ್ವಾದ ಯಾವಾಗಲೂ ನಿಮ್ಮ ಮೇಲಿದೆ, ಈ ಕಾಗದದ ವಿಷಯ ಅವರಿಗೆ ಇನ್ನೂ ಗೊತ್ತಿಲ್ಲ.

ಇಂತಿ ನಿಮ್ಮ ಸೊಸೆ,
ಪ್ರಾಪ್ತಿ

ವಿ.ಸೂ.: ಶುಕ್ರವಾರ ಸಂಜೆ, ಗೇಟಿನ ವಾಚ್‌ಮನ್ ಮೇಜಿನ ಮೇಲೆ ಬರೆಯುತ್ತಿದ್ದೇನೆ, ಹಾರಿಸಣ್ಣ ಬೈಕಿನಲ್ಲೇ ಕಾಯುತ್ತಿದ್ದಾರೆ. ಲಕೋಟೆ ಕೊಡುವಾಗ ಅವರಿಗೂ ಹೇಳಿಬಿಟ್ಟೆ. “ಹಾಗಾದರೆ ಭಾವ ಹಬ್ಬಕ್ಕೆ ಬರಬಹುದಾ?” ಅಂತ ಕೇಳಿದರು. ನಿಮ್ಮನ್ನು ಕೇಳದೆ ನಾನು ಹೂಂ ಅಂದೆ. ಅವರು ಅಲ್ಲೇ ನಿಂತು ಅಕ್ಕನಿಗೆ ಫೋನ್ ಮಾಡಿದರು, ಅಕ್ಕ ಆ ಕಡೆಯಿಂದ ಕೂಗಿದ್ದು ನನಗೂ ಕೇಳಿಸಿತು. ಗೊತ್ತಿಲ್ಲದ್ದನ್ನು ಇನ್ನೊಮ್ಮೆ ಗೊತ್ತು ಅಂತ ಹೇಳಿಬಿಟ್ಟಿದ್ದೇನೆ ಮಾವ. ಮಾರ್ಚ್ ರಜೆ ಬಾಸಿತಣ್ಣನಿಗೆ ವಾಪಸು ಕೊಡಿ. ಇದೊಂದು ಸುಳ್ಳಾಗದ ಹಾಗೆ ನೋಡಿಕೊಳ್ಳಿ.