ಕರೆಗಂಟೆ ಒತ್ತುವ ಪಾರಿವಾಳ

ಫೆಬ್ರವರಿ ೧೧, ಭಾನುವಾರ

ಪ್ರೀತಿಯ ತಮ್ಮನಿಗೆ,

ಅಕ್ಕನ ಆಶೀರ್ವಾದಗಳು. ನಾವೆಲ್ಲ ಆರೋಗ್ಯವಾಗಿದ್ದೇವೆ. ನೀನು ಕಳುಹಿಸಿದ ಸೇತುವೆಯ ಫೋಟೋ ಬಂದು ತಿಂಗಳಾಯಿತು, ಉತ್ತರ ಬರೆಯಲು ಇವತ್ತು ಕೂತಿದ್ದೇನೆ. ಎಷ್ಟು ಬೇಕೋ ಅಷ್ಟು ಬೈದುಕೋ. ಕ್ರೇನಿನ ತುದಿಯ ಪುಟ್ಟ ಗೂಡಿನಲ್ಲಿ ಕೂತಿರುವವನು ನೀನೇ ಎಂದು ನಿನ್ನ ಭಾವ ಭೂತಗನ್ನಡಿ ಹಿಡಿದು ಪತ್ತೆ ಮಾಡಿದರು. ಅಮ್ಮ ಅದನ್ನು ಹತ್ತಿರ ಹಿಡಿದು, ದೂರ ಹಿಡಿದು, ಕೊನೆಗೆ, "ಅಷ್ಟು ಎತ್ತರದಲ್ಲಿ ಊಟಕ್ಕೇನು ಮಾಡ್ತಾನೆ?" ಎಂದಳು.

ಫೋನ್ ಇರುವಾಗ ಕಾಗದವೇಕೆ ಎನ್ನುತ್ತೀಯ. ಫೋನಿನಲ್ಲಿ ನೀನು ಏನಾದರೂ ಹೇಳಿ ನಗಿಸಿ ಮಾತು ತೇಲಿಸಿಬಿಡುತ್ತೀಯ. ಅಮ್ಮನೂ ಪಕ್ಕದಲ್ಲೇ ಕಿವಿ ನೆಟ್ಟುಕೊಂಡು ಕೂತಿರುತ್ತಾಳೆ. ಕಾಗದವಾದರೆ ಪೂರ್ತಿ ಓದಲೇಬೇಕು.

ಮೊದಲು ನನ್ನ ಕೆಲಸದ ಸುದ್ದಿ. ಪ್ರಯೋಗಾಲಯದಲ್ಲಿ ಪಾರಿವಾಳಗಳ ಪ್ರಯೋಗ ಮುಗಿಯಿತು. ಈಗ ಪಾರ್ಶ್ವವಾಯುವಾದವರ ಜೊತೆ ಕೆಲಸ. ಕೈ ಒಂದಿಷ್ಟು ಎತ್ತಿದರೆ ತಕ್ಷಣ ಒಂದು ಮೆಚ್ಚುಗೆ, ಇನ್ನಷ್ಟು ಎತ್ತಿದರೆ ಇನ್ನೊಂದು. ಒಬ್ಬ ಟೈಲರ್ ಅಜ್ಜ ಬರುತ್ತಾರೆ. ಮೊದಲ ದಿನ ನಾನು ಶಭಾಷ್ ಎಂದದ್ದಕ್ಕೆ, "ನಾನೇನು ಸರ್ಕಸ್ ಆನೆಯೇನಮ್ಮಾ?" ಎಂದು ಮುಖ ತಿರುಗಿಸಿದರು. ಮೊನ್ನೆ ನಾನು ಬೇರೆ ಕಡೆ ನೋಡುತ್ತಿದ್ದಾಗ ಚಮಚ ಎತ್ತಿ ಕಾದರಂತೆ. ಆಮೇಲೆ ಗಂಟಲು ಸರಿಮಾಡಿಕೊಂಡು, "ಇವತ್ತು ಶಭಾಷ್ ಖರ್ಚಾಗಿಹೋಯ್ತಾ?" ಎಂದರು. ಸಾಯಂಕಾಲ ಮನೆಗೆ ಬರುವಾಗ ಮನಸ್ಸು ಹಗುರವಾಗಿರುತ್ತದೆ.

ಪ್ರಯೋಗ ಮುಗಿದ ಮೇಲೆ ಒಂದು ಮುದಿ ಪಾರಿವಾಳವನ್ನು ನಾನೇ ಮನೆಗೆ ತಂದೆ. ಎದೆ ಸೆಟೆಸಿಕೊಂಡು ನಡೆಯುವುದರಿಂದ ಅದಕ್ಕೆ ಎಲ್ಲರೂ ಮೇಷ್ಟ್ರು ಎನ್ನುತ್ತೇವೆ. ವರಾಂಡದಲ್ಲಿ ಅದರ ಪೆಟ್ಟಿಗೆ. ಪ್ರಯೋಗದಲ್ಲಿ ಅದರ ಕೆಲಸ ಇಷ್ಟೇ: ಬೆಳಕಿರುವ ಗುಂಡಿಯನ್ನು ಕೊಕ್ಕಿನಿಂದ ಕುಟ್ಟಬೇಕು, ಕಾಳು ಬೀಳುತ್ತದೆ. ನಮ್ಮ ಬಾಗಿಲ ಬೆಲ್ಲಿನ ಸ್ವಿಚ್ಚಿನಲ್ಲಿ ಒಂದು ಕೆಂಪು ದೀಪವಿದೆ ಎಂಬುದು ನನಗೆ ಹೊಳೆಯಲೇ ಇಲ್ಲ. ಮೇಷ್ಟ್ರಿಗೆ ಎರಡನೆಯ ದಿನವೇ ಹೊಳೆಯಿತು. ಕಿಟಕಿಯ ಕಟ್ಟೆಯ ಮೇಲೆ ನಿಂತು ಕುಟ್ಟಿತು. ಅಮ್ಮ ಮಂಡಿ ಹಿಡಿದುಕೊಂಡು ಬಂದು ಬಾಗಿಲು ತೆಗೆದಳು, "ನೀನಾ?" ಎಂದು ಒಂದು ಹಿಡಿ ಕಾಳು ಹಾಕಿದಳು. ಅಲ್ಲಿಗೆ ಮುಗಿಯಿತು. ಈಗ ದಿನವಿಡೀ ಬೆಲ್, ಬೆಲ್ ಆದಾಗಲೆಲ್ಲ ಅಮ್ಮ ಬಾಗಿಲಿಗೆ. "ಅಮ್ಮನನ್ನು ಯಾರು ಇಷ್ಟು ಚೆನ್ನಾಗಿ ಪಳಗಿಸಿದ್ದು?" ಎಂದು ನಿನ್ನ ಭಾವ ಮೇಷ್ಟ್ರಿಗೆ ಕೈಮುಗಿಯುತ್ತಾರೆ.

ಈ ಅಭ್ಯಾಸ ಬಿಡಿಸುವುದು ನನಗೆ ಗೊತ್ತಿಲ್ಲದ ವಿದ್ಯೆಯಲ್ಲ. ಕಾಳು ನಿಲ್ಲಿಸಿದರೆ ಕುಟ್ಟುವುದೂ ನಿಲ್ಲುತ್ತದೆ. ಆದರೆ ನಿಲ್ಲುವ ಮೊದಲು ಹಟ ಒಮ್ಮೆ ಜೋರಾಗುತ್ತದೆ, ಆಗ ಸೋಲಬಾರದು ಎಂದು ಅಮ್ಮನಿಗೆ ಹೇಳಿಯೇ ಕೆಲಸಕ್ಕೆ ಹೋದೆ. ಬಂದು ನೋಡಿದರೆ ಮೇಷ್ಟ್ರ ಮುಂದೆ ಕಾಳಿನ ರಾಶಿ. ಭಾವ ಸ್ವಿಚ್ಚಿಗೆ ದಪ್ಪ ಟೇಪು ಅಂಟಿಸಿದರು. ಸಂಜೆಗೆ ಟೇಪು ಮಾಯ. "ನಿನ್ನ ತಮ್ಮ ಬಂದು ಒತ್ತಿದ್ರೆ?" ಎಂದಳು ಅಮ್ಮ.

"ಅಮ್ಮಾ, ಅದು ಹಕ್ಕಿ."

"ಹಕ್ಕಿ ಅಂತ ನಂಗೂ ಗೊತ್ತು ಕಣೇ. ಬಾಗಿಲು ತೆಗೆಯೋವರೆಗೂ ಹಕ್ಕೀನೇ ಅಂತ ಹೇಗೆ ಹೇಳ್ತೀಯ?"

ಇನ್ನು ಮುಖ್ಯ ವಿಷಯ. ಅಮ್ಮನ ಎರಡೂ ಕಣ್ಣಿಗೆ ಪೊರೆ ಬಂದಿದೆ. ಶಸ್ತ್ರಚಿಕಿತ್ಸೆಗೆ ಡಾಕ್ಟರು ಎರಡು ಸಲ ದಿನ ಕೊಟ್ಟರು, ಎರಡು ಸಲವೂ ಅಮ್ಮ ಮುಂದೂಡಿದಳು. ಹೆದರಿಕೆಯಿಂದಲ್ಲ, ಆಸ್ಪತ್ರೆಯಲ್ಲಿ ಒಂದು ರಾತ್ರಿ ಉಳಿಯಬೇಕಲ್ಲ ಎಂದು. ಹೋದ ವರ್ಷ ನಾವು ಮದುವೆಗೆ ಹೋಗಿದ್ದಾಗ ನೀನು ಬಂದು, ಬೀಗ ನೋಡಿ, ಚಿಲಕಕ್ಕೆ ಕಿತ್ತಳೆ ಹಣ್ಣಿನ ಚೀಲ ಸಿಕ್ಕಿಸಿ ಹೋದೆಯಲ್ಲ, ಅಂದಿನಿಂದ ಅವಳು ಒಂದು ರಾತ್ರಿಯೂ ಈ ಮನೆ ಬಿಟ್ಟಿಲ್ಲ. ಇನ್ನು ತಡಮಾಡಿದರೆ ಕಷ್ಟ ಎಂದು ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದಾರೆ.

ನೀನು ಕಡಿಮೆ ಬರುತ್ತೀಯ ಎಂದು ದೂರುತ್ತಿಲ್ಲ. "ಹೇಳಿ ಬಂದ್ರೆ ಮಜಾ ಏನಿದೆ ಅಕ್ಕಾ?" ಎನ್ನುತ್ತೀಯ. ನೀನು ಬಂದಾಗ ಮನೆಯೆಲ್ಲ ಬೆಳಕಾಗುವುದೂ ನಿಜ. ಆದರೆ ಪ್ರಯೋಗದಲ್ಲಿ ನಾನು ಕಣ್ಣಾರೆ ಕಂಡದ್ದು ಇದು. ಗೊತ್ತಾದ ಹೊತ್ತಿಗೆ ಕಾಳು ಸಿಗುವ ಹಕ್ಕಿ, ಸಿಕ್ಕಿದ ಮೇಲೆ ಆರಾಮಾಗಿ ರೆಕ್ಕೆ ಸವರಿಕೊಳ್ಳುತ್ತ ಕೂರುತ್ತದೆ. ಹೊತ್ತು ಹತ್ತಿರ ಬಂದಾಗ ಮತ್ತೆ ಕುಟ್ಟುತ್ತದೆ. ಯಾವಾಗ ಸಿಗುತ್ತದೆಂದು ಗೊತ್ತೇ ಇಲ್ಲದ ಹಕ್ಕಿ ವಿಶ್ರಾಂತಿಯನ್ನೇ ಮರೆಯುತ್ತದೆ. ಕಾಳು ಪೂರ್ತಿ ನಿಂತ ಮೇಲೂ ಬಹಳ ಕಾಲ ಕುಟ್ಟುತ್ತಿರುವುದು ಅದೇ. ನೀನು ವರ್ಷಕ್ಕೊಮ್ಮೆಯೇ ಬಾ, ಬೇಜಾರಿಲ್ಲ. ದಿನ ಹೇಳಿ ಬಾ. ಮಿಕ್ಕ ದಿನ ಅಮ್ಮ ನೆಮ್ಮದಿಯಾಗಿ ಕೂತುಕೊಳ್ಳಲಿ. ಧೂಮಕೇತುವಿಗಾದರೂ ಬರುವ ವರ್ಷ ಗೊತ್ತಿರುತ್ತದೆ ಮಾರಾಯ!

ಮಾರ್ಚಿನಲ್ಲಿ ನಿನಗೆ ರಜೆ ಸಿಗುವ ದಿನ ಗೊತ್ತುಮಾಡಿ ತಿಳಿಸು. ಶಸ್ತ್ರಚಿಕಿತ್ಸೆಯನ್ನು ಅದಕ್ಕಿಂತ ಮೊದಲು ಮುಗಿಸುತ್ತೇನೆ. ಪಟ್ಟಿ ಬಿಚ್ಚಿದ ಮೇಲೆ ನಿನ್ನ ಮುಖ ಸರಿಯಾಗಿ ಕಾಣಲಿ. ದಿನ ಗೊತ್ತಾದರೆ ಅಮ್ಮ ಖಂಡಿತ ಒಪ್ಪುತ್ತಾಳೆ, ನಾನು ಜವಾಬ್ದಾರಿ.

ಎತ್ತರದಲ್ಲಿ ಗಾಳಿ ಜೋರು, ಕಿವಿಗೆ ಬಟ್ಟೆ ಕಟ್ಟಿಕೋ ಎಂದು ಅಮ್ಮ ಹೇಳಿದ್ದಾಳೆ. ನಿನ್ನ ಕೈಗೆ ಹಿಡಿತ, ಕಾಲಿಗೆ ನೆಲ ಯಾವಾಗಲೂ ಸಿಗಲಿ. ನೂರು ವರ್ಷ ಬಾಳು.

ನಿನ್ನ,
ಅಕ್ಕ

ಮರೆತದ್ದು: ಬೆಲ್ ಆದಾಗಲೆಲ್ಲ ಅಮ್ಮ ಬಾಗಿಲಿಗೆ ಹೋಗುತ್ತಾಳೆ ಎಂದು ಬರೆದೆ. ಅದು ನಾನು ಮನೆಯಲ್ಲಿ ಇಲ್ಲದಾಗಿನ ಮಾತು. ನಾನಿದ್ದರೆ ಅವಳು ಕುರ್ಚಿಯ ಕೈ ಹಿಡಿದು ಏಳುವಷ್ಟರಲ್ಲಿ ನಾನು ಬಾಗಿಲ ಹತ್ತಿರ ಇರುತ್ತೇನೆ. ಆ ಹಕ್ಕಿಗೆ ಗುಂಡಿ ಕುಟ್ಟುವುದನ್ನು ಕಲಿಸಿದವಳೇ ನಾನು, ಆದರೂ ಹೋಗುತ್ತೇನೆ. ನಿನ್ನೆ ಮೇಷ್ಟ್ರು ಅಡುಗೆಮನೆಯಲ್ಲಿ ನನ್ನ ಕಾಲ ಬುಡದಲ್ಲೇ ಕಾಳು ಹೆಕ್ಕುತ್ತಿತ್ತು. ಬೆಲ್ ಆಯಿತು. ಕೈಯಲ್ಲಿದ್ದ ಸೌಟನ್ನು ಹಾಗೇ ಬಿಟ್ಟು ಓಡಿದೆ. ಪಕ್ಕದ ಬೀದಿಯ ವಿಳಾಸ ಕೇಳಿಕೊಂಡು ಯಾರೋ ಬಂದಿದ್ದರು. ಭಾವ ಒಳಗಿನಿಂದ "ಯಾರು?" ಎಂದರು. "ಯಾರೂ ಅಲ್ಲ" ಎಂದೆ. ಸೌಟನ್ನು ಯಾವಾಗಲೋ ಅವರೇ ಎತ್ತಿಟ್ಟಿದ್ದರು.

ದಿನ ತಿಳಿಸುವ ಕಾಗದವನ್ನು ನನ್ನ ಹೆಸರಿಗೇ ಬರೆ. ಅಮ್ಮನಿಗೆ ಹೇಗೂ ನಾನೇ ಓದಿ ಹೇಳಬೇಕು. ಮೊದಲು ಒಂದು ಸಲ ಒಬ್ಬಳೇ ಓದಿಕೊಳ್ಳುತ್ತೇನೆ.