ಜಿಪ್ಪು ಕೈಗೆ ಬಂದ ದಿನ

ರೀ,

ಇವತ್ತು ನಮ್ಮ ಚೀಲದಂಗಡಿಯಲ್ಲಿ ನಾನು ಇಂಗ್ಲಿಷಿನಲ್ಲಿ ವ್ಯಾಪಾರ ಮಾಡಿದೆ. ನಗಬೇಡಿ. ನೀವು ಹೋಗಿ ವರ್ಷವಾದ ಮೇಲೆ, ಸಣ್ಣ ವ್ಯಾಪಾರಿಗಳಿಗೆ ಇಂಗ್ಲಿಷನ್ನೂ ಅಂಗಡಿ ನಡೆಸುವುದನ್ನೂ ಕಲಿಸುವ ಆ ತರಗತಿಗೆ ಸೇರಿದ್ದೇನೆ.

ನಮ್ಮ ಮಾತು ಬಾರದ ಗಿರಾಕಿಯೊಬ್ಬರು ಬಂದು, ಜಿಪ್ಪು ಗಟ್ಟಿಯೇ ಎಂದು ಕೇಳಿದರು. ನಾನು ಜಂಬದಿಂದ "ಪುಲ್, ಮೇಡಂ, ಪುಲ್!" ಎಂದೆ. ಎಳೆದರು ನೋಡಿ, ಜಿಪ್ಪು ಪೂರ್ತಿ ಅವರ ಕೈಗೇ ಬಂತು! ತಪ್ಪನ್ನು ಮುಚ್ಚಿಡಬೇಡಿ ಎಂದು ಟೀಚರಮ್ಮ ಕಲಿಸಿದ್ದು ನೆನಪಾಯಿತು. "ಸಾರಿ. ಮೈ ಮಿಸ್ಟೇಕ್. ಟೆನ್ ಮಿನಿಟ್ಸ್, ಸಿಟ್" ಎಂದು ಸ್ಟೂಲು ಕೊಟ್ಟು, ಅವರೆದುರೇ ಹೊಸ ಜಿಪ್ಪು ಹೊಲಿದೆ. ಈ ಸಲ ಇಬ್ಬರೂ ಸೇರಿ ಎಳೆದೆವು, ಜಪ್ಪಯ್ಯ ಅಂದರೂ ಕಿತ್ತು ಬರಲಿಲ್ಲ. ನಕ್ಕು ನಕ್ಕು ಅವರು ಆರು ಚೀಲ ಕೊಂಡರು. ಪಕ್ಕದ ಗಡಿಯಾರ ರಿಪೇರಿಯವರು, "ಏನಕ್ಕಾ, ನೀವೇ ಮೇಡಂ ಆಗ್ಬಿಟ್ರಲ್ಲ!" ಅಂದರು.

ಅಂದು ನೀವು ಇದೇ ತರಗತಿಗೆ ನಮ್ಮಿಬ್ಬರಿಗೂ ಎರಡು ಅರ್ಜಿ ತಂದಿದ್ದಾಗ, "ಈ ವಯಸ್ಸಲ್ಲಿ ಎಬಿಸಿಡಿನಾ?" ಎಂದು ಬೀದಿಗೆಲ್ಲ ಕೇಳುವಂತೆ ನಕ್ಕವಳು ನಾನೇ. ನೀವು ಅವನ್ನು ಮಡಿಸಿ ಜೇಬಿಗಿಟ್ಟುಕೊಂಡಿರಿ.

ತರಗತಿಯಲ್ಲಿ ನನ್ನ ಪಕ್ಕದ ಕುರ್ಚಿ ಖಾಲಿಯೇ ಎಂದು ಯಾರಾದರೂ ಕೇಳಿದರೆ, "ಮೈ ಹಸ್ಬೆಂಡ್ ಈಸ್ ಕಮಿಂಗ್" ಎನ್ನುತ್ತೇನೆ. ನನ್ನ ಪ್ರತಿ ಮಾತನ್ನೂ ತಿದ್ದುವ ಟೀಚರಮ್ಮ ಅದೊಂದನ್ನು ಮಾತ್ರ ತಿದ್ದುವುದಿಲ್ಲ.