ಮೀಸೆಯ ಸಂದಿನ ಗಾಳಿ

ಮಣ್ಣಗುಡ್ಡ, ಮಂಗಳೂರು
12 ಜುಲೈ 1989

ಸ್ನೇಹಕ್ಕನಿಗೆ ತಮ್ಮ ರಂಜುವಿನ ನಮಸ್ಕಾರ.

ಎಲ್ಲರೂ ಕ್ಷೇಮ ಅಂತ ಬರೆದರೆ ಸುಳ್ಳಾಗ್ತದೆ. ನೀನು ಬಹ್ರೇನ್‌ನಿಂದ ಕಳಿಸಿದ ಮೆಷಿನ್ ಈಗ ಅಟ್ಟದಲ್ಲಿ ಉಂಟು. ಅಪ್ಪ ಅದನ್ನು ಹಾಕಿಕೊಳ್ಳುವುದಿಲ್ಲ. ತಪ್ಪು ಮೆಷಿನಿನದ್ದಲ್ಲ, ನನ್ನ ಬಾಯಿಯದ್ದು. ನಿನಗೆ ತಿಳಿಸಬೇಡ ಅಂತ ಅಮ್ಮ ಹೇಳಿದ್ದಾರೆ, ನಾನು ತಿಳಿಸ್ತೇನೆ. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವನ ಅಕ್ಷರ, ಹೇಗಾದರೂ ಓದಿಕೋ.

ಮೊದಲಿನ ಕಷ್ಟ ಮೂಗು ಒಣಗುವುದು. ಮಲಗಿದಾಗ ಅಪ್ಪನ ಉಸಿರು ನಿಲ್ಲಬಾರದು ಅಂತ ಆ ಮೆಷಿನ್ ಮೂಗಿಗೆ ಗಾಳಿ ದೂಡ್ತದಲ್ಲ, ಅದರಿಂದ ಮೂಗು ಉರಿದು ರಕ್ತ ಬಂತು. ಹೊರಗೆ ಇಷ್ಟು ಮಳೆ, ಮೂಗಿನೊಳಗೆ ಬೇಸಗೆ. ಗಾಳಿಗೆ ಸ್ವಲ್ಪ ತೇವ ಬೇಕು ಅಂದರು ಫಳ್ನೀರಿನ ಡಾಕ್ಟರು. ಹಾರ್ಲಿಕ್ಸ್ ಬಾಟಲಿಯ ಮುಚ್ಚಳಕ್ಕೆ ಎರಡು ತೂತು ಮಾಡಿ, ಗಾಳಿ ನೀರಿನ ಮೇಲಿನಿಂದ ಹೋಗುವ ಹಾಗೆ ಪೈಪು ಸಿಕ್ಕಿಸಿದೆ. ಬೇಗ ತೇವ ಆಗಲಿ ಅಂತ ಕುದಿಯುವ ನೀರು ಹಾಕಿದೆ, ನನ್ನ ಬುದ್ಧಿ! ಆವಿ ಪೈಪಿನಲ್ಲಿ ತಣಿದು ನೀರಾಗಿ ಅಪ್ಪನ ಮೂಗಿಗೇ ಇಳಿಯಿತು. ಕೆಮ್ಮಿ ಎದ್ದವರು, "ನನ್ನನ್ನು ಮಂಚದಲ್ಲೇ ಮುಳುಗಿಸ್ತೀಯಾ ಮಾರಾಯ?" ಅಂತ ಕೇಳಿ ನಕ್ಕರು ಕೂಡ. ತಣ್ಣೀರು ಹಾಕಿ ಬಾಟಲಿಯನ್ನು ಮಂಚದ ಕೆಳಗಿಟ್ಟ ಮೇಲೆ ಅದು ಸರಿಯಾಯಿತು.

ಸರಿಯಾಗದ್ದು ಮಾಸ್ಕ್. ಅಪ್ಪನ ಮೀಸೆ ನಿನಗೆ ಗೊತ್ತಲ್ಲ, ಜನ ನಮ್ಮ ಹೋಟೆಲಿನ ಬೋರ್ಡಿಗಿಂತ ಮೊದಲು ಗುರುತಿಸುವುದು ಅದನ್ನೇ. ಅದರ ಸಂದಿನಿಂದ ಗಾಳಿ ಪುಸ್ ಅಂತ ಸೋರ್ತದೆ. ಪಟ್ಟಿ ಬಿಗಿದರೆ ಮೂಗಿನ ಮೇಲೆ ಗಾಯ, ಸಡಿಲ ಬಿಟ್ಟರೆ ಕಣ್ಣಿಗೆ ಗಾಳಿ. ಮೀಸೆ ತೆಗೆದರೆ ಮಾಸ್ಕ್ ಸರಿಯಾಗಿ ಕೂತುಕೊಳ್ತದೆ ಅಂದರು ಡಾಕ್ಟರು. ಅಪ್ಪ ಒಪ್ಪಲಿಲ್ಲ. "ಹೆತ್ತವರು ಹೋದಾಗ ತೆಗೆಯುವುದು ಅದು. ನನ್ನ ಅಮ್ಮ ಒಳಗೆ ಕೂತಿರುವಾಗ ತೆಗೆಯುವುದುಂಟಾ?" ಅಂದರು.

ಒಂದು ದಿನ ರಾತ್ರಿಯ ನಿದ್ದೆ ಸಾಲದೆ ಗಲ್ಲಾದಲ್ಲಿ ತೂಕಡಿಸಿ ಅಪ್ಪನ ಹಣೆ ಮೇಜಿಗೆ ಬಡಿಯಿತು. ನನಗೆ ತಡೆಯಲಿಲ್ಲ. ಗಿರಾಕಿಗಳ ಎದುರೇ ಬೊಬ್ಬೆ ಹೊಡೆದೆ: "ಮೀಸೆಯೇ ದೊಡ್ಡದಾದರೆ ಸಾಯಿರಿ. ಆಗ ನಾನು ನನ್ನದು ತೆಗೀತೇನೆ." ಅಪ್ಪ ಗಲ್ಲಾದಿಂದ ಎದ್ದರು. ಕೊಡೆ ಹಿಡಿದು ಸಲೂನಿಗೆ ಹೋದರು.

ಅಂದು ಮಾಸ್ಕ್ ಅಂಟಿದ ಹಾಗೆ ಕೂತಿತು. ಗೊರಕೆಯೇ ಇಲ್ಲ. ಅಮ್ಮ ಹೆದರಿ ಅಪ್ಪನ ಎದೆ ಮುಟ್ಟಿ ನೋಡಿದರು. ಗೆದ್ದೆ ಅಂದುಕೊಂಡೆ ನಾನು.

ಮರುದಿನ ಮೀನಿನ ವ್ಯಾಪಾರದ ಅಹ್ಮದ್ ಬಾವ ಬಂದವರು ಅಪ್ಪನ ಮುಖ ನೋಡಿ, ಚಾ ಮುಟ್ಟದೆ, "ಅಮ್ಮ ಯಾವಾಗ ಹೋದದ್ದು ಶೀನಪ್ಪಣ್ಣ? ಒಂದು ಮಾತು ತಿಳಿಸಬಾರದಿತ್ತಾ?" ಅಂದರು. ಅಪ್ಪ ಅದನ್ನು ತಡೆದುಕೊಂಡರು. ಅಜ್ಜಿಯದ್ದನ್ನು ತಡೆಯಲಿಕ್ಕಾಗಲಿಲ್ಲ. ಅಜ್ಜಿಗೆ ಕಣ್ಣು ಕಾಣುವುದಿಲ್ಲ, ಅಪ್ಪ ಗಂಜಿ ಉಣಿಸುವಾಗ ಅವರ ಮುಖ ಸವರುತ್ತಾರೆ. ಅವತ್ತು ತುಟಿಯ ಮೇಲೆ ಬೆರಳು ನಿಂತಿತು. "ಮಗಾ, ನಾನು ಸತ್ತೆನಾ?" ಅಂತ ಕೇಳಿದರು. ತಮಾಷೆಗಲ್ಲ ಅಕ್ಕ, ನಿಜವಾಗಿ ಕೇಳಿದರು.

ಮತ್ತೆ ಅಪ್ಪ ಮಾಸ್ಕ್ ಮುಟ್ಟಲಿಲ್ಲ. ಮೀಸೆ ಬಂತು, ಗೊರಕೆಯೂ ಬಂತು, ನಡುವೆ ಉಸಿರು ನಿಲ್ಲುವುದೂ ಬಂತು. ಗೋಡೆಯ ಆಚೆ ನಾನು ಕಿವಿ ಕೊಟ್ಟು ಮಲಗ್ತೇನೆ. ಅಪ್ಪನಿಗೆ ನನ್ನೊಡನೆ ಮಾತಿಲ್ಲ. ಮೊದಲೇ ಅಜ್ಜಿಯ ಹತ್ತಿರ ಕೂತು, ಇದು ಮದ್ದಿಗೋಸ್ಕರ ಅಂತ ಹೇಳಿದ್ದರೆ ಸಾಕಿತ್ತು. ಅದು ಹೊಳೆಯಲಿಲ್ಲ. ಬೊಬ್ಬೆ ಹೊಡೆಯುವುದು ಮಾತ್ರ ಹೊಳೆಯಿತು. ನೀನಾದರೂ ಅಪ್ಪನಿಗೆ ಒಂದು ಕಾಗದ ಬರಿ. ನನ್ನ ಪರವಾಗಿ ಬೇಡ, ಮೆಷಿನಿನ ಪರವಾಗಿ.

ನಿನ್ನ ಬಾಯಿಬಡುಕ ತಮ್ಮ,
ಚಿತ್ತರಂಜನ

ವಿ.ಸೂ.: ಮೇಲಿನದ್ದು ಮೊನ್ನೆ ಬರೆದದ್ದು. ರಜೆ ಮುಗಿಸಿ ಅಲ್ಲಿಗೆ ಬರುವ ಜಾರ್ಜನ ಕೈಯಲ್ಲಿ ಕಳಿಸ್ತಾ ಇದ್ದೇನೆ. ರಂಜುವಿಗೆ ಮೀಸೆ ಇಲ್ಲ ಅಂತ ಅವನು ಹೇಳಿದರೆ ಅಳಬೇಡ, ಅಪ್ಪ ಇದ್ದಾರೆ. ನಾನೇ ನಿನ್ನೆ ತೆಗೆಸಿದೆ, ಜನರ ಮಾತು ಅವರೊಬ್ಬರೇ ಯಾಕೆ ಕೇಳಬೇಕು ಅಂತ. ಅಮ್ಮ ಸೌಟಿನಲ್ಲಿ ಹೊಡೆದರು. ಅಪ್ಪ ನನ್ನ ಮುಖ ನೋಡಿ, "ಎಂತ ಮಾರಾಯ, ನಾನು ಸತ್ತೆನಾ?" ಅಂದರು. ಇವತ್ತು ಊಟ ಆದ ಮೇಲೆ ಅಟ್ಟದಿಂದ ಮೆಷಿನ್ ಇಳಿಸಲಿಕ್ಕೆ ಹೇಳಿದರು. ಮೀಸೆ ಹಾಗೆಯೇ ಉಂಟು, ಗಾಳಿ ಸೋರ್ತದೆ. ಸೋರಲಿ. "ಬಿಸಿನೀರು ಮಾತ್ರ ಹಾಕಬೇಡ" ಅಂದರು.